ಅಪ್‌ಡೇಟ್ ಬಂದದ, ಒತ್ತಲೇನ್ ಮುತ್ಯಾ?

ಮನೆಯ ಕಂಪ್ಯೂಟರಿನ ಪರದೆಯ ಬಲಗಡೆ ಕೆಳಮೂಲೆಯಲ್ಲಿ ಆಗಾಗ ಒಂದು ಚೌಕ ಚೀಟಿ ಮೇಲೆದ್ದು ಬರುತ್ತದೆ. ಅಪ್‌ಡೇಟ್ ಬಂದಿದೆ, ಈಗಲೇ ರೀಸ್ಟಾರ್ಟ್ ಮಾಡಲೋ, ಆಮೇಲೆ ಮಾಡಲೋ ಎಂದು ಕೇಳುತ್ತದೆ. ಮೊಮ್ಮಕ್ಕಳಾದರೆ ಆಟ ನಿಂತುಹೋಗುತ್ತದೆಂದು ‘ಆಮೇಲೆ’ ಒತ್ತುತ್ತಾರೆ. ಅಜ್ಜ ಅಜ್ಜಿಯರಾದರೆ ಒಳಗಿದ್ದದ್ದು ಏನಾದರೂ ಅಳಿಸಿಹೋದೀತು ಎಂದು ಹೆದರಿ ‘ಆಮೇಲೆ’ ಒತ್ತುತ್ತಾರೆ. ಎರಡು ತಲೆಮಾರಿನವರು ಇಷ್ಟು ಒಗ್ಗಟ್ಟಿನಿಂದ ಮಾಡುವ ಕೆಲಸ ಮನೆಯಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ನನಗೆ ಈಗ ಎಪ್ಪತ್ತು ದಾಟಿ ನಾಲ್ಕು ವರ್ಷ. ಬಿ.ಕಾಂ. ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ ಬೀದರ, ಭಾಲ್ಕಿ, ಔರಾದ ಈ ಮೂರು ಊರುಗಳಲ್ಲೇ ನೌಕರಿ ತೀರಿಸಿದವನು. ಈಗ ಬೀದರದಲ್ಲಿ ನಾನು, ಭಾಲ್ಕಿಯಲ್ಲಿ ಮಗಳು, ಔರಾದದಲ್ಲಿ ಅಕ್ಕ. ಮೂರೂ ಮನೆಗಳಲ್ಲಿ ಒಂದೊಂದು ಕಂಪ್ಯೂಟರ್ ಇದೆ. ಅವುಗಳ ವಯಸ್ಸೂ ಬೇರೆ, ಬೇನೆಯೂ ಬೇರೆ. ಭಾಲ್ಕಿಯ ಮೊಮ್ಮಗಳು ಎಂಟನೆಯ ಇಯತ್ತೆ. ತಿಂಗಳಿಗೊಮ್ಮೆ ಫೋನ್ ಮಾಡಿ, “ಅಪ್‌ಡೇಟ್ ಬಂದದ, ಒತ್ತಲೇನ್ ಮುತ್ಯಾ?” ಎಂದು ಕೇಳುತ್ತಾಳೆ. “ಒತ್ತವ್ವಾ” ಎನ್ನುತ್ತೇನೆ. ಒಂದು ದಿನ, “ಯಾಕ ಒತ್ತಬೇಕು?” ಎಂದಳು. ಅದಕ್ಕೆ ಉತ್ತರ ಫೋನಿನಲ್ಲಿ ಮುಗಿಯುವಂಥದ್ದಲ್ಲ. ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಕೌದಿ ಹೊಲಿಯುವುದನ್ನು ನೋಡಿದ್ದೀರಲ್ಲ? ಹಳೆಯ ಸೀರೆ, ಧೋತರದ ತುಂಡುಗಳನ್ನು ಜೋಡಿಸಿ ಹೊಲಿಯುತ್ತಾರೆ. ಎಲ್ಲಿ ಸವೆಯಿತೋ ಅಲ್ಲಿಗೊಂದು ತ್ಯಾಪಿ. ಕಂಪ್ಯೂಟರಿನವರು ‘ಪ್ಯಾಚ್’ ಎನ್ನುವುದೂ ತ್ಯಾಪಿಯೇ. ಇದು ಬರೀ ಹೋಲಿಕೆಯ ಮಾತಲ್ಲ. ಮೊದಮೊದಲ ಕಂಪ್ಯೂಟರುಗಳಿಗೆ ಕೊಡುವ ಆಜ್ಞೆಗಳನ್ನು ಉದ್ದನೆಯ ಕಾಗದದ ಪಟ್ಟಿಯಲ್ಲಿ ತೂತು ಕೊರೆದು ಬರೆಯುತ್ತಿದ್ದರು. ಎಲ್ಲಾದರೂ ತಪ್ಪು ತೂತು ಬಿದ್ದರೆ ಅದರ ಮೇಲೆ ಕಾಗದದ ಚೂರು ಅಂಟಿಸಿ ಮುಚ್ಚುತ್ತಿದ್ದರು. ಪ್ಯಾಚ್ ಎಂಬ ಹೆಸರು ಅಲ್ಲಿಂದಲೇ ಬಂತು. ಇಂದಿನ ವಿಂಡೋಸಿನಂಥ ಸಾಫ್ಟ್‌ವೇರಿನಲ್ಲಿ ಕೋಟಿಗಟ್ಟಲೆ ಸಾಲುಗಳಿರುತ್ತವೆ. ಬರೆದವರು ಮನುಷ್ಯರು. ಒಂದೊಂದು ಕಡೆ ತೂತು ಉಳಿದೇ ಇರುತ್ತದೆ, ಮಾರಾಟವಾಗಿ ವರ್ಷಗಳಾದ ಮೇಲೆ ಯಾರಿಗೋ ಕಾಣುತ್ತದೆ. ಕಂಡವನು ಒಳ್ಳೆಯವನಾದರೆ ಕಂಪನಿಗೆ ತಿಳಿಸುತ್ತಾನೆ. ಕಳ್ಳನಾದರೆ ಸುಮ್ಮನಿದ್ದು ಒಳಗೆ ನುಗ್ಗುತ್ತಾನೆ.

ಮೈಕ್ರೋಸಾಫ್ಟ್ ಕಂಪನಿ 2003ರ ಅಕ್ಟೋಬರಿನಿಂದ ತ್ಯಾಪಿ ಹಾಕಲು ಒಂದು ದಿನ ಗೊತ್ತು ಮಾಡಿಕೊಂಡಿದೆ. ಪ್ರತಿ ತಿಂಗಳ ಎರಡನೆಯ ಮಂಗಳವಾರ. ಅಮೆರಿಕದಲ್ಲಿ ಆಗ ಬೆಳಗು, ನಮ್ಮಲ್ಲಿ ಮಂಗಳವಾರ ರಾತ್ರಿ ಊಟ ಮುಗಿದು ಮಲಗುವ ಹೊತ್ತು. ಹಾಗಾಗಿ ನಮ್ಮ ಮನೆಗಳಲ್ಲಿ ಆ ಚೀಟಿ ಸಾಮಾನ್ಯವಾಗಿ ಬುಧವಾರದ ನಂತರವೇ ಕಾಣಿಸುತ್ತದೆ. ಸಂತೆ ದಿನದ ಹಾಗೆ ಇದನ್ನೂ ನೆನಪಿಟ್ಟುಕೊಂಡಿದ್ದೇನೆ.

ಇಲ್ಲಿ ಒಂದು ವಿಚಿತ್ರವಿದೆ. ತ್ಯಾಪಿ ಹೊರಗೆ ಬಂದ ದಿನವೇ ತೂತು ಎಲ್ಲಿತ್ತು ಎಂಬುದು ಕಳ್ಳನಿಗೂ ತಿಳಿಯುತ್ತದೆ. ಕಳ್ಳ ಆ ತ್ಯಾಪಿಯನ್ನು ಬಿಚ್ಚಿ ನೋಡಿ, ಅದನ್ನು ಇನ್ನೂ ಹಾಕಿಸಿಕೊಳ್ಳದ ಮನೆಗಳನ್ನು ಹುಡುಕಿಕೊಂಡು ಹೊರಡುತ್ತಾನೆ. ‘ಆಮೇಲೆ’ ಒತ್ತಿದವರ ಅಪಾಯ ಆ ದಿನದಿಂದ ಹೆಚ್ಚುತ್ತ ಹೋಗುತ್ತದೆ.

2017ರಲ್ಲಿ ಆದದ್ದು ಇದೇ. ಆ ವರ್ಷ ಮಾರ್ಚ್ 14, ಎರಡನೆಯ ಮಂಗಳವಾರ, ಮೈಕ್ರೋಸಾಫ್ಟ್ ಒಂದು ತ್ಯಾಪಿ ಕೊಟ್ಟಿತು. ಒಂದು ಕಂಪ್ಯೂಟರ್ ಇನ್ನೊಂದರ ಜೊತೆ ಫೈಲು ಹಂಚಿಕೊಳ್ಳುವ ದಾರಿಯಲ್ಲಿದ್ದ ತೂತನ್ನು ಅದು ಮುಚ್ಚುತ್ತಿತ್ತು. ಸರಿಯಾಗಿ 59 ದಿನ ಬಿಟ್ಟು, ಮೇ 12ರ ಶುಕ್ರವಾರ, ‘ವಾನಾಕ್ರೈ’ ಎಂಬ ಪಿಡುಗು ಅದೇ ತೂತಿನಿಂದ ಒಳಹೊಕ್ಕಿತು. ಯಾರೂ ಏನನ್ನೂ ಒತ್ತಬೇಕಾಗಿರಲಿಲ್ಲ. ಒಂದರಿಂದ ಇನ್ನೊಂದಕ್ಕೆ ತಾನೇ ಹರಡುತ್ತಿತ್ತು. ಕಂಪ್ಯೂಟರಿನೊಳಗಿನ ಪತ್ರ, ಫೋಟೋ, ಲೆಕ್ಕ ಎಲ್ಲಕ್ಕೂ ಬೀಗ ಹಾಕಿ, ಬೀಗ ತೆಗೆಯಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುತ್ತಿತ್ತು. ನೂರೈವತ್ತು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳು ಸಿಕ್ಕಿಬಿದ್ದವು. ಅವುಗಳಲ್ಲಿ ಬಹಳಷ್ಟು ವಿಂಡೋಸ್ 7 ಇದ್ದವು, ಅಂದರೆ ತ್ಯಾಪಿ ಸಿಗುತ್ತಿದ್ದರೂ ಹಾಕಿಸಿಕೊಳ್ಳದಿದ್ದವು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ಸುಮಾರು 19 ಸಾವಿರ ರೋಗಿಗಳ ಭೇಟಿಗಳು ರದ್ದಾದವು. ನಮ್ಮ ನೆರೆಯ ಆಂಧ್ರದ ಕೆಲವು ಪೊಲೀಸ್ ಠಾಣೆಗಳ ಕಂಪ್ಯೂಟರುಗಳೂ ನಿಂತುಹೋದವು.

ಮಕ್ಕಳೇ, ಅದನ್ನು ತಡೆದವನು ಇಂಗ್ಲೆಂಡಿನ 22 ವರ್ಷದ ಹುಡುಗ, ಮಾರ್ಕಸ್ ಹಚಿನ್ಸ್. ಆ ಪಿಡುಗು ಹೊರಡುವ ಮೊದಲು ಇಂಟರ್‌ನೆಟ್ಟಿನಲ್ಲಿ ಒಂದು ಅರ್ಥವಿಲ್ಲದ ಉದ್ದನೆಯ ವಿಳಾಸವನ್ನು ಕರೆದು ನೋಡುತ್ತಿತ್ತು. ಅಲ್ಲಿಂದ ಉತ್ತರ ಬಾರದಿದ್ದರೆ ಮಾತ್ರ ಮುಂದುವರಿಯುತ್ತಿತ್ತು. ಅವನು ಆ ವಿಳಾಸವನ್ನು ಕೆಲವು ಡಾಲರ್ ಕೊಟ್ಟು ತನ್ನ ಹೆಸರಿಗೆ ಬರೆಸಿಕೊಂಡ. ಉತ್ತರ ಬರತೊಡಗಿತು, ಪಿಡುಗು ಸುಮ್ಮನಾಯಿತು.

ನಮ್ಮ ಬೀದರದವರಿಗೆ ಇದು ಹೊಸ ಕಥೆಯೇನೂ ಅಲ್ಲ. ಶಾಲೆಯ ಪ್ರವಾಸಕ್ಕೆ ಬಂದವರೆಲ್ಲ ನಮ್ಮ ಕೋಟೆಯ ಕಂದಕ ನೋಡಿದ್ದೀರಿ. ಬಂಡೆಯನ್ನೇ ಕಡಿದು ಮಾಡಿದ ಮೂರು ಸಾಲಿನ ಕಂದಕ ಅದು. 1657ರಲ್ಲಿ ಔರಂಗಜೇಬ, ಆಗ ಅವನಿನ್ನೂ ರಾಜಕುಮಾರ, ಈ ಕೋಟೆಗೆ ಮುತ್ತಿಗೆ ಹಾಕಿದ. ಒಳಗೆ ಸಿದ್ದಿ ಮರ್ಜಾನ್ ಎಂಬ ವಯಸ್ಸಾದ ಕಿಲ್ಲೇದಾರ ಗಟ್ಟಿಯಾಗಿ ನಿಂತಿದ್ದ. ಹೊರಗಿನಿಂದ ಹಾರಿಸಿದ ಬೆಂಕಿಯ ಕಿಡಿ ಬುರುಜಿನ ಹಿಂದೆ ಶೇಖರಿಸಿಟ್ಟಿದ್ದ ಮದ್ದಿನ ಮೇಲೆ ಬಿತ್ತು. ಆ ಸ್ಫೋಟದಲ್ಲಿ ಕಿಲ್ಲೇದಾರನಿಗೂ ಅವನ ಮಕ್ಕಳಿಗೂ ಸುಟ್ಟ ಗಾಯಗಳಾದವು, ಅವನು ಉಳಿಯಲಿಲ್ಲ. ಮುತ್ತಿಗೆ 27 ದಿನಕ್ಕೆ ಮುಗಿಯಿತು. ಮೂರು ಕಂದಕ ಹಾಗೆಯೇ ಇದ್ದವು, ಇವತ್ತಿಗೂ ಇವೆ. ಕಂಪ್ಯೂಟರಿಗೆ ಪಾಸ್‌ವರ್ಡ್ ಹಾಕಿದ್ದೇನೆ, ಇನ್ನೇನು ಎನ್ನುವ ಹಿರಿಯರಿಗೆ ನಾನು ಈ ಬುರುಜನ್ನೇ ತೋರಿಸುತ್ತೇನೆ.

ಅಪ್‌ಡೇಟ್ ಎಂದರೆ ಬರೀ ಕಳ್ಳರ ಮಾತೂ ಅಲ್ಲ. ನಾನು ನೌಕರಿಗೆ ಸೇರಿದಾಗ ಎಲ್ಲವೂ ಕೈಬರಹದ ಲೆಡ್ಜರಿನಲ್ಲಿ. ರಂಗರಾಜನ್ ಸಮಿತಿ 1984ರಲ್ಲಿ ಶಿಫಾರಸು ಮಾಡಿದ ಮೇಲೆ ಶಾಖೆಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ನಿಧಾನವಾಗಿ ಬಂದವು. ಅವುಗಳ ಬೆನ್ನಿಗೆ ಬಂದದ್ದು ವೈ2ಕೆ. ಜಾಗ ಉಳಿಸಲೆಂದು ಹಳೆಯ ಸಾಫ್ಟ್‌ವೇರಿನಲ್ಲಿ ಇಸವಿಯ ಕೊನೆಯ ಎರಡು ಅಂಕಿ ಮಾತ್ರ ಬರೆಯುತ್ತಿದ್ದರು. 99 ಆದ ಮೇಲೆ 00. ಯಂತ್ರಕ್ಕೆ ಅದು 2000 ಎಂದು ಹೇಗೆ ತಿಳಿಯಬೇಕು? ಅದು 1900 ಎಂದುಕೊಂಡರೆ ಠೇವಣಿಯ ಬಡ್ಡಿ ನೂರು ವರ್ಷ ಹಿಂದಕ್ಕೆ ಹೋಗುತ್ತದೆ. ಹೊಸ ಫ್ಲಾಪಿಗಳು ಬಂದವು, ಸಾಫ್ಟ್‌ವೇರ್ ತಿದ್ದಿದರು. ಆದರೂ 1999ರ ಡಿಸೆಂಬರ್ 31, ಶುಕ್ರವಾರ ರಾತ್ರಿ, ನಾವು ಎಲ್ಲ ಖಾತೆಗಳ ಬಾಕಿಯನ್ನು ಕಾಗದದ ಮೇಲೆ ಮುದ್ರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆವು. ಮರುದಿನ ಏನೂ ಆಗಲಿಲ್ಲ. ಸುಮ್ಮನೆ ಗದ್ದಲ ಮಾಡಿದರು ಎಂದು ಹೊರಗಿನ ಜನ ನಕ್ಕರು. ಏನೂ ಆಗದಿದ್ದದ್ದು ತಿಂಗಳುಗಟ್ಟಲೆ ತಿದ್ದಿದ್ದರಿಂದ ಎಂದು ಯಾರಿಗೆ ಹೇಳುವುದು!

ರೂಪಾಯಿಯ ಚಿಹ್ನೆಯ ಕಥೆ ಇನ್ನೂ ಸೊಗಸು. ಡಿ. ಉದಯಕುಮಾರ್ ರಚಿಸಿದ ಚಿಹ್ನೆಯನ್ನು ಕೇಂದ್ರ ಸರಕಾರ 2010ರ ಜುಲೈ 15ರಂದು ಒಪ್ಪಿಕೊಂಡಿತು. ಪತ್ರಿಕೆಗಳಲ್ಲಿ ಬಂತು, ಗೋಡೆಗಳ ಮೇಲೂ ಬಂತು. ಆದರೆ ನಮ್ಮ ಕಂಪ್ಯೂಟರಿಗೆ ಆ ಅಕ್ಷರವೇ ಗೊತ್ತಿರಲಿಲ್ಲ, ಅದರ ಜಾಗದಲ್ಲಿ ಖಾಲಿ ಡಬ್ಬಿ ಕಾಣುತ್ತಿತ್ತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ಅದೇ ವರ್ಷ ಜಾಗ ಸಿಕ್ಕಿತು. ವಿಂಡೋಸ್ 7ಕ್ಕೆ 2011ರಲ್ಲಿ ಒಂದು ಅಪ್‌ಡೇಟ್ ಬಂತು. ಡಬ್ಬಿ ಹೋಗಿ ರೂಪಾಯಿ ಬಂತು. ಜೀವಮಾನವೆಲ್ಲ ರೂಪಾಯಿ ಎಣಿಸಿದ ನನಗೆ ಇಷ್ಟು ಇಷ್ಟವಾದ ಅಪ್‌ಡೇಟ್ ಇನ್ನೊಂದಿಲ್ಲ.

ಇನ್ನು ಔರಾದದ ಅಕ್ಕನ ಮನೆಗೆ ಬರುತ್ತೇನೆ. ಭಾವ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ನಿವೃತ್ತರಾದ ಮೇಲೆ ಔರಾದ ಸುತ್ತಿನ ಹಳ್ಳಿಗಳಲ್ಲಿ ಮುದುಕಿಯರು ಹೇಳುವ ಗಾದೆ, ಒಗಟು, ಬೀಸುವ ಹಾಡುಗಳನ್ನು ಕೇಳಿ ಬರೆದುಕೊಂಡು ಬಂದು ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡುತ್ತಿದ್ದರು. 312 ಪುಟ. ಆರು ವರ್ಷದ ಹಿಂದೆ ಅವರು ತೀರಿಕೊಂಡರು. ಅಂದಿನಿಂದ ಅಕ್ಕ ಆ ಕಂಪ್ಯೂಟರಿನ ಮೇಲೆ ಕಸೂತಿಯ ಬಟ್ಟೆ ಹೊದಿಸಿ, ವಾರಕ್ಕೊಮ್ಮೆ ಆನ್ ಮಾಡಿ, ಪರದೆಯ ಮೇಲೆ ಆ ಫೈಲು ಇದೆಯೋ ಇಲ್ಲವೋ ನೋಡಿ, ಬಂದ್ ಮಾಡುತ್ತಾಳೆ. “ತಮ್ಮಾ, ಅದಕ್ಕ ಯಾನೂ ಮಾಡಬ್ಯಾಡ. ಅವರು ಬರೆದದ್ದು ಹೋದರ ಮತ್ತ ಎಲ್ಲಿಂದ ತರ್ಲಿ?” ಎನ್ನುತ್ತಿದ್ದಳು. ಮಗ ಮಾತ್ರ ಅದೇ ಕಂಪ್ಯೂಟರಿನಲ್ಲಿ ಇಂಟರ್‌ನೆಟ್ ಹಾಕಿ ಅವಳ ಪಿಂಚಣಿಯ ಲೆಕ್ಕ ನೋಡುತ್ತಿದ್ದ. ಅದು ವಿಂಡೋಸ್ 7. 2020ರ ಜನವರಿ 14ರಿಂದ ಅದಕ್ಕೆ ತ್ಯಾಪಿ ಬರುವುದು ನಿಂತಿದೆ.

ಅಕ್ಕನ ಹೆದರಿಕೆ ಸುಳ್ಳಲ್ಲ. ಭಾವ ಬರೆದದ್ದು ಹಳೆಯ ನುಡಿ ಅಕ್ಷರಗಳಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯೂನಿಕೋಡ್ ಪಟ್ಟಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಇತ್ತು. ಆದರೆ ವಿಂಡೋಸಿಗೆ ಕನ್ನಡ ಅಕ್ಷರ ಕೂಡಿಸಿ ತೋರಿಸಲು ಬಂದದ್ದು 2001ರ ಎಕ್ಸ್‌ಪಿಯಿಂದ. ಅಲ್ಲಿಯವರೆಗೆ ಕಾಯಲಾಗದೆ ನಮ್ಮವರು ಜಾಣತನದ ದಾರಿ ಹುಡುಕಿದ್ದರು. ಕೆ.ಪಿ. ರಾವ್ ಅವರ ಕೀಲಿಮಣೆ, ಶೇಷಾದ್ರಿವಾಸು ಅವರ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಇವುಗಳಿಂದಲೇ ಸಾವಿರಾರು ಮಾಸ್ತರರು, ಗುಮಾಸ್ತರು ಕನ್ನಡ ಟೈಪ್ ಮಾಡಿದರು. ಆ ಹಳೆಯ ವಿಧಾನದಲ್ಲಿ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಖ್ಯೆ. ಅದರ ಮೇಲೆ ಕನ್ನಡದ ಫಾಂಟು ಅಂಗಿ ತೊಡಿಸುತ್ತದೆ. ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದರೆಂದು ನಮ್ಮ ಭಾಗದ ಮಕ್ಕಳಿಗೆಲ್ಲ ಗೊತ್ತು. ಇದು ಅದರ ಉಲ್ಟಾ. ಹೊರಗೆ ಕನ್ನಡ, ಒಳಗೆ ಇಂಗ್ಲಿಷ್. ಆ ಫಾಂಟು ಇಲ್ಲದ ಹೊಸ ಕಂಪ್ಯೂಟರಿನಲ್ಲಿ ತೆರೆದರೆ ‘ಕನ್ನಡ’ ಎಂಬ ಮೂರಕ್ಷರದ ನಡುವೆ ಇಂಗ್ಲೆಂಡಿನ ಪೌಂಡಿನ ಚಿಹ್ನೆ ಬಂದು ಕೂತಿರುತ್ತದೆ. ಬ್ಯಾಂಕಿನಲ್ಲಿ ಕೂಡ ನಾನು ಅಷ್ಟು ಪೌಂಡ್ ನೋಡಿರಲಿಲ್ಲ.

ಹೋದ ಬೇಸಿಗೆ ರಜೆಯಲ್ಲಿ ಮೊಮ್ಮಗಳನ್ನು ಕರೆದುಕೊಂಡು ಔರಾದಕ್ಕೆ ಹೋದೆ. ಮೊದಲ ದಿನ ಯಾವ ಅಪ್‌ಡೇಟಿನ ಮಾತೂ ಆಡಲಿಲ್ಲ. ಎರಡು ಹೊಸ ಪೆನ್‌ಡ್ರೈವ್ ತಂದಿದ್ದೆವು, ಫೈಲನ್ನು ಎರಡಕ್ಕೂ ನಕಲು ಮಾಡಿದೆವು. ಒಂದನ್ನು ಅಕ್ಕನ ಕೈಗೆ ಕೊಟ್ಟೆ, ಅವಳು ಅದನ್ನು ಬೆಳ್ಳಿಯ ಕುಂಕುಮದ ಭರಣಿಯ ಪಕ್ಕ ಇಟ್ಟಳು. ಎರಡನೆಯದು ನನ್ನ ಹತ್ತಿರ ಬೀದರಕ್ಕೆ. ಆಮೇಲೆ ನುಡಿಯವರದೇ ಪರಿವರ್ತಕದಿಂದ ನಕಲು ಫೈಲನ್ನು ಯೂನಿಕೋಡಿಗೆ ಬದಲಿಸಿದೆವು. ಅದು ಒಂದು ನಿಮಿಷದ ಕೆಲಸ. ತಾಳೆ ನೋಡಲು ಮಾತ್ರ ಮೂರು ದಿನ ಹಿಡಿಯಿತು.

ಭಾವ 140 ಪುಟ ಮಾತ್ರ ಪ್ರಿಂಟ್ ತೆಗೆದಿದ್ದರು, ಅಷ್ಟರಲ್ಲಿ ಶಾಯಿ ತೀರಿತ್ತು. ಅಷ್ಟನ್ನು ಕಾಗದದ ಜೊತೆ, ಉಳಿದದ್ದನ್ನು ಹಳೆಯ ಪರದೆಯ ಜೊತೆ ನೋಡಬೇಕು. ಮೊಮ್ಮಗಳು ಲ್ಯಾಪ್‌ಟಾಪಿನಲ್ಲಿ ಹೊಸದನ್ನು ಓದುವುದು, ನಾನು ಹಳೆಯದರಲ್ಲಿ ಬೆರಳಿಟ್ಟು ನೋಡುವುದು, ಬ್ಯಾಂಕಿನಲ್ಲಿ ಒಬ್ಬ ಕೂಗಿ ಇನ್ನೊಬ್ಬ ಟಿಕ್ ಹಾಕುತ್ತಿದ್ದ ಹಾಗೆ. ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಭಾವ ನಡುನಡುವೆ ಇಂಗ್ಲಿಷಿನಲ್ಲಿ ಬರೆದಿದ್ದ ಊರಿನ ಹೆಸರುಗಳು ಅರ್ಥವಿಲ್ಲದ ಕನ್ನಡವಾಗಿದ್ದವು, ಪರಿವರ್ತಕಕ್ಕೆ ಇಂಗ್ಲಿಷೂ ಕನ್ನಡದ ಅಂಗಿ ಹಾಕಿದಂತೆಯೇ ಕಂಡಿತ್ತು. ಅಕ್ಕ ಮೊದಲು ಅಡುಗೆಮನೆಯಿಂದಲೇ ಕೇಳುತ್ತಿದ್ದಳು. ಎರಡನೆಯ ದಿನ ಬಂದು ಪಕ್ಕ ಕೂತಳು. ಒಂದು ಬೀಸುವ ಹಾಡು ಓದುವಾಗ, “ಅದು ಹಂಗಲ್ಲವ್ವಾ, ಇದನ್ನ ನಾನೇ ಹೇಳಿ ಬರೆಸೀನಿ” ಎಂದು ತಿದ್ದಿದಳು. ಆ ಪುಸ್ತಕದಲ್ಲಿ ಅವಳ ಹಾಡೂ ಇದೆ ಎಂದು ನನಗೆ ಅಂದೇ ಗೊತ್ತಾದದ್ದು.

ನಾಲ್ಕನೆಯ ದಿನ ಆ ಕಂಪ್ಯೂಟರಿನ ಇಂಟರ್‌ನೆಟ್ ತಂತಿ ತೆಗೆದೆವು. ಹೊಸ ವಿಂಡೋಸ್ ಅದಕ್ಕೆ ಹೊರಲಾರದ ಭಾರ. ನೆಟ್ ಇಲ್ಲದಿದ್ದರೆ ತ್ಯಾಪಿ ಇಲ್ಲದೆಯೂ ಅದು ಬಹುಮಟ್ಟಿಗೆ ಕ್ಷೇಮ, ಗೊತ್ತಿಲ್ಲದವರ ಪೆನ್‌ಡ್ರೈವ್ ಚುಚ್ಚದಿದ್ದರೆ ಸಾಕು. ಪಿಂಚಣಿಯ ಲೆಕ್ಕ ಈಗ ಮಗನ ಫೋನಿನಲ್ಲಿ. ಕಸೂತಿಯ ಬಟ್ಟೆ ಅಲ್ಲೇ ಇದೆ.

ಭಾಲ್ಕಿಯ ಕಂಪ್ಯೂಟರಿನ ಬೇನೆ ಇನ್ನೊಂದು ಥರ. ಅದು ವಿಂಡೋಸ್ 10. 2015ರ ಜುಲೈ 29ರಂದು ಹುಟ್ಟಿ, ಹತ್ತು ವರ್ಷ ತ್ಯಾಪಿ ಪಡೆದು, 2025ರ ಅಕ್ಟೋಬರ್ 14ಕ್ಕೆ ನಿವೃತ್ತಿಯಾಯಿತು. ಹೆಸರು ನೋಂದಾಯಿಸಿದರೆ ಮನೆಬಳಕೆಯವರಿಗೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತ್ಯಾಪಿ ಮಾತ್ರ ಸಿಗುತ್ತದೆ, ನೌಕರಿ ಮುಗಿದ ಮೇಲೆ ಒಂದು ವರ್ಷ ಮುಂದುವರಿಸಿದ ಹಾಗೆ. ವಿಂಡೋಸ್ 11 ಹಾಕೋಣವೆಂದರೆ ಅದಕ್ಕೆ ಟಿಪಿಎಂ 2.0 ಎಂಬ ಬೀಗದ ಚಿಪ್ ಬೇಕು. ಭಾಲ್ಕಿಯದರಲ್ಲಿ ಅದಿಲ್ಲ. ಅಳಿಯಂದಿರು, “ಚಲೋ ನಡೀಲತ್ತದ, ಯಾಕ ಚೆಲ್ಲಬೇಕು?” ಎಂದರು. ಅವರ ಮಾತು ನನಗೂ ಸರಿ ಕಂಡಿತು. ಕೆಟ್ಟುಹೋಗದ ವಸ್ತುವನ್ನು ಗುಜರಿಗೆ ಹಾಕಿಸುವ ಈ ಪದ್ಧತಿ ನನಗೆ ಹಿಡಿಸುವುದಿಲ್ಲ.

ಲಿನಕ್ಸ್ ಎಂಬ ಇನ್ನೊಂದು ದಾರಿ ಇದೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ, ಹಳೆಯ ಕಂಪ್ಯೂಟರಿಗೂ ಹಗುರ, ತ್ಯಾಪಿಯೂ ಬರುತ್ತಿರುತ್ತದೆ. ಕೇರಳದ ಸರಕಾರಿ ಶಾಲೆಗಳಲ್ಲಿ ಇದೇ ಇದೆ, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲೇ ಕಲಿಯುತ್ತಾರೆ. ಕಂಪ್ಯೂಟರಿನಲ್ಲಿ ಇಳಿಸದೆ ಪೆನ್‌ಡ್ರೈವಿನಿಂದಲೇ ನಡೆಸಿ ನೋಡಬಹುದು. ಮೊಮ್ಮಗಳು ಈಗ ಹಾಗೆ ನೋಡುತ್ತಿದ್ದಾಳೆ. ಶಾಲೆಯ ಪ್ರಾಜೆಕ್ಟ್ ಅದರಲ್ಲೇ ಮಾಡಿ ಮುಗಿಸಿದರೆ ದಸರೆಗೆ ಪೂರ್ತಿ ಇಳಿಸುವುದೆಂದು ಮಾತಾಗಿದೆ.

ಅಪ್‌ಡೇಟಿನಿಂದಲೇ ಕೆಡುಕಾಗುವುದಿಲ್ಲವೇ ಎಂದರೆ, ಆಗುತ್ತದೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಕಂಪನಿಯ ರಕ್ಷಣಾ ಸಾಫ್ಟ್‌ವೇರಿಗೆ ಬಂದ ಒಂದು ತಪ್ಪು ಅಪ್‌ಡೇಟ್ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಬೀಳಿಸಿತು. ನಮಗೆ ಹತ್ತಿರದ ಹೈದರಾಬಾದ್ ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಿಂದ ಬರೆದು ಕೊಟ್ಟರು. ನನ್ನಂಥ ಗುಮಾಸ್ತರಿಗೆ ಒಳಗೊಳಗೇ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ! ಅದು ದೊಡ್ಡ ಕಚೇರಿಗಳ ಸಾಫ್ಟ್‌ವೇರ್, ಮನೆಗಳಿಗೆ ತಟ್ಟಲಿಲ್ಲ. ಆದರೂ ಫೋಟೋ, ಪತ್ರಗಳ ಒಂದು ನಕಲು ಕಂಪ್ಯೂಟರಿನ ಹೊರಗೆ ಇರಲೇಬೇಕು. ನಕಲು ಇದ್ದವರು ಧೈರ್ಯವಾಗಿ ಒತ್ತಬಹುದು.

ಉಳಿದದ್ದು ಸಣ್ಣಪುಟ್ಟ ಮಾತು. ಫೋನಿನ ಹಾಟ್‌ಸ್ಪಾಟಿನಲ್ಲಿ ನೆಟ್ ಬಳಸುವವರು ಸೆಟ್ಟಿಂಗಿನಲ್ಲಿ ‘ಮೀಟರ್ಡ್’ ಎಂದು ಗುರುತು ಮಾಡಿದರೆ ಡೇಟಾ ಒಂದೇ ದಿನ ಖಾಲಿಯಾಗುವುದಿಲ್ಲ. ವೈ-ಫೈ ಇರುವ ಕಡೆ ಒಯ್ದಾಗ ಇಳಿಸಿಕೊಳ್ಳಬಹುದು. ಅಪ್‌ಡೇಟ್ ನಡೆಯುವಾಗ ಪ್ಲಗ್ ಕೀಳಬಾರದು. ಕರೆಂಟಿನ ಭರವಸೆ ಇಲ್ಲದ ದಿನ ಯುಪಿಎಸ್ ಇಲ್ಲದೆ ಶುರು ಮಾಡಲೂಬಾರದು. ಪರೀಕ್ಷೆಯ ಹಿಂದಿನ ರಾತ್ರಿಯಂತೂ ಬೇಡ, ಐದು ವಾರದವರೆಗೆ ಮುಂದೂಡಲು ವಿಂಡೋಸೇ ಅವಕಾಶ ಕೊಡುತ್ತದೆ. ಬ್ರೌಸರನ್ನು ಮಾತ್ರ ಮುಂದೂಡಬೇಡಿ, ಹೆಚ್ಚು ಜನ ಓಡಾಡುವ ಬಾಗಿಲು ಅದು.

ಕೊನೆಯದಾಗಿ ಕಳ್ಳ ಚೀಟಿ. ನಿಜವಾದ ಅಪ್‌ಡೇಟ್ ಕೂಗಾಡುವುದಿಲ್ಲ, ಫೋನ್ ನಂಬರ್ ಕೊಡುವುದಿಲ್ಲ, ದುಡ್ಡು ಕೇಳುವುದಿಲ್ಲ. ಅನುಮಾನ ಬಂದರೆ ಚೀಟಿಯನ್ನು ಒತ್ತದೆ, ಸೆಟ್ಟಿಂಗಿನ ಒಳಗೆ ಹೋಗಿ ಅಪ್‌ಡೇಟ್ ಇದೆಯೇ ಎಂದು ನೀವೇ ನೋಡಿ. ನಮ್ಮ ಓಣಿಯ ಹಿರಿಯರೊಬ್ಬರ ಪರದೆ ಒಂದು ಮಧ್ಯಾಹ್ನ ಪೂರ್ತಿ ಕೆಂಪಾಗಿ, ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ ಎಂದು ಸೈರನ್ ಹೊಡೆಯತೊಡಗಿತು. ಅವರು ಕನ್ನಡಕ ಹುಡುಕಿ ಫೋನ್ ಕೈಗೆತ್ತಿಕೊಂಡಿದ್ದರು. ಪಕ್ಕದ ಮನೆಯ ಐದನೆಯ ಇಯತ್ತೆಯ ಹುಡುಗ ಸದ್ದು ಕೇಳಿ ಓಡಿ ಬಂದವನು, “ತಾತಾ, ಅದು ಬರೇ ಜಾಹೀರಾತು” ಎಂದು ಪವರ್ ಬಟನ್ ಒತ್ತಿ ಹಿಡಿದ. ಸೈರನ್ ನಿಂತಿತು. ಮತ್ತೆ ಆನ್ ಮಾಡಿದಾಗ ಎಲ್ಲವೂ ಇದ್ದಲ್ಲೇ ಇತ್ತು. ಅಂಥ ನಂಬರಿಗೆ ಫೋನ್ ಮಾಡಿ ದುಡ್ಡು ಕಳೆದುಕೊಂಡವರು ಇದ್ದರೆ ನಾಚಿಕೊಂಡು ಕೂಡಬೇಡಿ, ತಡಮಾಡದೆ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ತಾಸಿನಲ್ಲಿ ತಿಳಿಸಿದರೆ ದುಡ್ಡು ಮುಂದೆ ಹೋಗದಂತೆ ಬ್ಯಾಂಕಿನವರು ತಡೆಯುವ ಸಾಧ್ಯತೆ ಹೆಚ್ಚು.